ಬಾಯಿ ಸೊಟ್ಟ ಆಗಿದ್ದು ಸರಿ ಆತು, ಈಗ ಮಾತಾಡಿದ್ರ ಕಣ್ಣು ಮುಚ್ಚಾಕತ್ತೈತಿ. ಯಾರಿಗರ ಹಿಂಗ ಆಗೈತೇನ್ರಿ?

ಸೀಟಿ ಸಿಂಧನೂರು

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಂಗ 41 ವರ್ಷ, ಬಸ್ ಕಂಡಕ್ಟರ್ ಅದೀನಿ, ರಾಯಚೂರು ಮಾನ್ವಿ ಪೋತ್ನಾಳ ಸಿಂಧನೂರು ಇದೇ ರೂಟು ದಿನಾ.

ಹೋದ ಜನವರಿಯಾಗ ಒಂದಿನ ಮುಂಜಾನೆ ಬಾಯಿ ಮುಕ್ಕಳಿಸಿದ್ರ ನೀರು ಬಲಗಡಿ ಮೂಲಿಂದ ಪಿಚಕಾರಿಗತೆ ಹೊರಗ ಬಿತ್ತು. ನಿದ್ದಿಗಣ್ಣು ಅಂತ ಬಿಟ್ಟೆ. ಡ್ಯೂಟಿ ಹತ್ತಿ ಸೀಟಿ ಊದಿದ್ರ ಬರೇ ಉಸ್ ಅಂತ ಗಾಳಿ, ಸೌಂಡೇ ಇಲ್ಲ. ಡ್ರೈವರ್ ಹಿಂದ ತಿರುಗಿ ನೋಡಿ ಯಾಕಪಾ ಬಾಯಿ ಹಂಗ ಎಡಕ್ಕ ಎಳಕೊಂಡೈತಿ ಅಂದ. ಆಮ್ಯಾಲ ಮಾನ್ವಿ ಮಾನ್ವಿ ಅಂತ ಒದರಾಕ ಹೋದ್ರ ಮ ಬರವಲ್ದು, ಪೋತ್ನಾಳ ಅನ್ನಾಕ ಹೋದ್ರ ಫೋತ್ನಾಳ ಅಂತೈತಿ, ಹಿಂದಿನ ಸೀಟಿನ ಹುಡುಗರು ನಕ್ಕವು, ಕುಡದಾನ ಅಂದ್ಕೊಂಡಿರಬೇಕು.

ನಮ್ಮವ್ವ ಗಾಳಿ ಬಡದೈತಿ ಅಂದ್ಲು. ಬಾಗಲಾಗ ನಿಂತು ಥಂಡಿ ಗಾಳಿ ಕುಡದಿ ಅದಕ್ಕ ಲಕ್ವಾ ಹೊಡದೈತಿ ಅಂತ ಹೇಳಿ ಒಂದು ಊರಿಗೆ ಕರಕೊಂಡು ಹೋದ್ಲು, ಅಲ್ಲಿ ಕಿವಿಯಾಗ ಎಣ್ಣಿ ಬಿಟ್ಟು ಕೆನ್ನಿ ತಿಕ್ಕಿದ್ರು. ಹಂಗ ನಾಕು ದಿನ ಹೋದ್ವು. ಐದನೇ ದಿನ ಬಲಗಣ್ಣು ಕೆಂಪ ಕೆಂಡ ಆಗಿ ಉರಿ ತಡಿಲಾರದ ಡಾಕ್ಟರ್ ಹತ್ರ ಹೋದೆ. ಅವ್ರು ಮೊದಲ ಹುಬ್ಬು ಎತ್ತು ಅಂದ್ರು. ಬಲಗಡಿ ಹಣಿ ಏಳಲೇ ಇಲ್ಲ. ಹಣಿನೂ ಸತ್ತೈತಿ ಅಂದ್ರ ಇದು ಮೆದುಳಿಂದಲ್ಲ ನರದ್ದು, ಬೆಲ್ಸ್ ಪಾಲ್ಸಿ, ಆದ್ರ 72 ತಾಸಿನೊಳಗ ಬಂದಿದ್ರ ಗುಳಿಗಿ ಕೆಲಸ ಇನ್ನೂ ಚೊಲೋ ಆಗ್ತಿತ್ತು ಅಂತ ಬೈದು ಸ್ಟೆರಾಯ್ಡ್ ಬರದ್ರು. ಅವತ್ತ ರಕ್ತ ನೋಡಿದಾಗ ನಂಗ ಶುಗರ್ ಐತಿ ಅನ್ನೋದೂ ಗೊತ್ತಾತು, ಒಂದಕ್ಕ ಹೋದ್ರ ಎರಡು ಸಿಕ್ಕಂಗ.

ಮೂರು ತಿಂಗಳು ಮುಖ ಕಲ್ಲು. ರಾತ್ರಿ ಕಣ್ಣಿಗೆ ಪಟ್ಟಿ ಹಚ್ಚಿ ಮಲಗೋದು, ಹಗಲೊತ್ತು ಡ್ರಾಪ್ಸ್. ಏಪ್ರಿಲ್‌ನ್ಯಾಗ ಕೆನ್ನಿ ಅಲುಗಾಡಿತು, ಜೂನ್‌ಗೆ ಮುಕ್ಕಾಲು ಪಾಲು ಬಂತು, ಸೀಟಿನೂ ಅರ್ಧಂಬರ್ಧ ಬಂತು, ದೇವರ ಮುಂದ ಕಾಯಿ ಒಡದ್ವಿ.

ಈಗ ಖರೇ ಸಮಸ್ಯೆ ಕೇಳ್ರಿ. ಜುಲೈ ಹಿಡದು ಏನಾಗೈತಿ ಅಂದ್ರ ನಕ್ಕರ ಬಲಗಣ್ಣು ಸಣ್ಣ ಆಗ್ತೈತಿ, ಪ ಬ ಮ ಅಂದ್ರ ಪೂರ್ತಿ ಮುಚ್ಚತೈತಿ. ಕಣ್ಣು ಗಟ್ಟಿ ಮುಚ್ಚಿದ್ರ ಬಾಯಿ ಮೂಲಿ ಮ್ಯಾಲ ಹೋಗ್ತೈತಿ. ಗದ್ದ ಗುಳಿ ಗುಳಿ ಬೀಳ್ತೈತಿ, ಕುತ್ತಿಗಿಯಾಗ ಒಂದು ಹಗ್ಗ ಎಳದಂಗ. ಜೊತಿಗೆ ಕಣ್ಣ ಕೆಳಗ ಪಟಪಟ ಹಾರೋದು ಬ್ಯಾರೆ. ಈಗ ನನ್ನ ಕೆಲಸ ವಿಚಾರ ಮಾಡ್ರಿ. ಶಕ್ತಿ ಯೋಜನೆ ಬಂದ ಮ್ಯಾಲ ಬಸ್ ತುಂಬ ಹೆಣ್ಮಕ್ಕಳು. ಹೋದ ವಾರ ಮಾನ್ವಿ ಸ್ಟ್ಯಾಂಡಿನ್ಯಾಗ ಒಬ್ಬ ಹುಡುಗಿ ಪೋತ್ನಾಳಕ್ಕ ನಿಲ್ಲತೈತೇನ್ರಿ ಅಂತ ಕೇಳಿದ್ಲು, ನಾನು ಹೂಂ ಪೋತ್ನಾಳ ಅಂದೆ, ಅಂದಾಗ ಕಣ್ಣು ಟಪ್ ಅಂತ ಮುಚ್ಚಿತು. ಬಾಜೂಕ ಆಕಿ ಅಣ್ಣ ನಿಂತಿದ್ದ. ಕಾಲರ್ ಹಿಡದ. ಮಂದಿ ಕೂಡಿದ್ರು. ಮೊಬೈಲಿನ್ಯಾಗ ಜನವರಿ ಫೋಟೋ ತಗದು ತೋರ್ಸಿ ಕೈ ಮುಗದ ಮ್ಯಾಲ ಬಿಟ್ಟ. ಮನಿಗೆ ಬಂದು ಊಟ ಮಾಡಲಿಲ್ಲ ನಾನು.

ಕೇಳೋದು ಇಷ್ಟು: ರೋಗ ತಿರುಗಿ ಬರಾಕತ್ತೈತೋ? ಹಾರೋದು ಅಂದ್ರ ನರ ಸಾಯಾಕತ್ತೈತೋ? ಒಬ್ರು ಚೂಯಿಂಗ್ ಗಮ್ ತಿನ್ನು ಬಲೂನ್ ಊದು ಅಂತಾರ, ಒಂದು ಕಡಿ ಕರೆಂಟ್ ಇಡ್ತಿದ್ರು ಹತ್ತು ದಿನ ಇಡಿಸಿಕೊಂಡೆ, ಇನ್ನೂ ಇಡಿಸ್ಲೋ ಬ್ಯಾಡೋ?

ಎಡದಂಡೆ ಕಾರಟಗಿ

ಅಣ್ಣಾ ನಿಂದು ಓದಿ ನನ್ನದೇ ಓದಿದಂಗಾತು, ನಂಗ ಆಗಿ ಮೂರು ವರ್ಷ ಆತು, ಎಡಗಡಿ. ಹೆದರಬ್ಯಾಡ, ತಿರುಗಿ ಬಂದಿಲ್ಲ. ತಿರುಗಿ ಬಂದಿದ್ರ ಮುಖ ಸಡಲ ಬೀಳ್ತಿತ್ತು, ನಿಂದು ಬಿಗಿ ಆಗಾಕತ್ತೈತಿ, ಎರಡೂ ಉಲ್ಟಾ.

ನಂಗ ಡಾಕ್ಟರ್ ಹೇಳಿದ್ದು ಅಷ್ಟು ತಿಳೀಲಿಲ್ಲ, ನಮ್ಮ ಹೊಲದ ಲೆಕ್ಕದಾಗ ತಿಳ್ಕೊಂಡೆ. ಕಿವಿ ಹಿಂದಿನ ಎಲುಬಿನ್ಯಾಗ ಸಣ್ಣ ಕೊಳವಿ ಐತಂತ, ಮುಖದ ನರ ಅದರೊಳಗಿಂದ ಬರತೈತಿ. ವೈರಸ್ಸಿಗೋ ಏನಕ್ಕೋ ನರ ಬಾತರ ಎಲುಬು ಹಿಗ್ಗಂಗಿಲ್ಲ, ನರನೇ ಹಿಚುಕಿ ಕುಂದ್ರತೈತಿ. ಆ ನರದಾಗ ಸಾವಿರಾರು ಎಳಿ, ಕಾಲುವಿಗೆ ತೂಬು ಇದ್ದಂಗ ಒಂದೊಂದು ಎಳಿ ಒಂದೊಂದು ಹೊಲಕ್ಕ. ಪೆಟ್ಟು ಸಣ್ಣದಿದ್ರ ಕಾಲುವಿ ಹಂಗೇ ಇರತೈತಿ, ಹೂಳು ತಗದಂಗ ನೀರು ಬಂದುಬಿಡ್ತೈತಿ, ಮೂರು ವಾರಕ್ಕ ಮುಖ ಸರಿ ಆತು ಅಂತಾರಲ್ಲ, ಅವ್ರದು ಇಂಥಾ ಸಣ್ಣ ಪೆಟ್ಟು. ಪೆಟ್ಟು ದೊಡ್ಡದಿದ್ರ ಎಳಿ ಕಡದು ಹೊಸದು ಬೆಳೀಬೇಕು. ಬೆಳಿಯೋದು ದಿನಕ್ಕ 1 ಮಿಲಿಮೀಟರ್ ಅಷ್ಟ, ತಿಂಗಳಿಗೆ ಒಂದಿಂಚು, ಅದಕ್ಕ ನಿಂಗ ಮೂರು ತಿಂಗಳು ಹಿಡೀತು. ಬೆಳಕೊಂಡು ಬರೋವಾಗ ಬಾಯಿ ಹೊಲಕ್ಕ ಹೋಗೋ ಎಳಿ ಒಂದಿಷ್ಟು ದಾರಿ ತಪ್ಪಿ ಕಣ್ಣ ಹೊಲಕ್ಕ ಹೊಕ್ಕಾವು. ಈಗ ನೀನು ಬಾಯಿಗೆ ನೀರು ಬಿಟ್ರ ಕಣ್ಣಿಗೂ ಹರೀತೈತಿ. ಇದಕ್ಕ ಸಿಂಕೈನೀಸಿಸ್ ಅಂತಾರ. ಪೆಟ್ಟು ಬಿದ್ದು ಐದಾರು ತಿಂಗಳಿಗೆ ಶುರುವಾಗೋದೇ ಇದರ ಪದ್ಧತಿ, ನಿನ್ನ ಲೆಕ್ಕ ಕರೆಕ್ಟ್ ಐತಿ.

ನಂದು ಇನ್ನೂ ವಿಚಿತ್ರ. ಜೊಲ್ಲಿನ ಗ್ರಂಥಿಗೆ ಹೋಗೋ ಎಳಿ ಕಣ್ಣೀರಿನ ಗ್ರಂಥಿಗೆ ಹೋಗಿ ಕುಂತಾವು. ಸಂಜಿಗೆ ಮಂಡಾಳ ಒಗ್ಗರಣಿ ಮಿರ್ಚಿ ತಿಂದ್ರ ಎಡಗಣ್ಣಿಂದ ದಳದಳ ನೀರು. ಅಂಗಡಿಯವ ಖಾರ ಕಮ್ಮಿ ಮಾಡ್ಲೇನ್ರಿ ಅಂತಾನ, ಖಾರದ್ದಲ್ಲಪಾ ಬರೇ ಅನ್ನ ಉಂಡ್ರೂ ಅಳ್ತೀನಿ ಅಂತ ಹೇಳೋದು ಹೆಂಗ. ಇದಕ್ಕ ಮೊಸಳಿ ಕಣ್ಣೀರು ಅಂತನೇ ಡಾಕ್ಟರ್ ಪುಸ್ತಕದಾಗ ಹೆಸರು ಐತಂತ, ನಾನು ತಮಾಷಿ ಮಾಡವಲ್ಲೆ. ನಮ್ಮ ಮಾವ ತೀರಿದಾಗ ಮಾತ್ರ ಎರಡೂ ಕಣ್ಣಾಗ ಬಂತು, ಬೀಗರು ನೋಡಿ ಅಳಿಯ ಚೊಲೋ ಅಂದ್ರು.

ಹಳೇ ಪೇಟೆ

ಇಂಗ್ಲಿಷ್ ಔಷಧದಾಗ ಇದಕ್ಕ ಏನೂ ಇಲ್ಲ. ನಮ್ಮ ಕಡೆ ಪಾರಿವಾಳದ ಬಿಸಿ ರಕ್ತ ಹಚ್ತಾರ, 11 ದಿನದಾಗ ನಮ್ಮ ದೊಡ್ಡಪ್ಪಂದು ಪೂರ್ತಿ ವಾಸಿ ಆಗೈತಿ. ನಂಬೋರು ನಂಬ್ರಿ.

ಬಿಸಿಲು ಬಳ್ಳಾರಿ

ಹಳೇ ಪೇಟೆಯವರೇ, ಔಷಧ ಏನೂ ಕೊಡದೆ ಬಿಟ್ರೂ ಬೆಲ್ಸ್ ಪಾಲ್ಸಿ 100ಕ್ಕೆ 70 ಜನಕ್ಕೆ ತಾನಾಗೇ ಪೂರ್ತಿ ಹೋಗುತ್ತೆ. ಅದಕ್ಕೇ ಪಾರಿವಾಳ, ಕಿವಿ ಎಣ್ಣೆ, ತಾಯಿತ ಎಲ್ಲಕ್ಕೂ ಹೆಸರು ಬಂದೈತೆ. ನಿಮ್ಮ ದೊಡ್ಡಪ್ಪ ವಾಸಿ ಆಗೋ 70ರಲ್ಲಿ ಇದ್ದರು, ಪಾರಿವಾಳ ಸುಮ್ಮನೆ ಸತ್ತಿತು. ಪ್ರಶ್ನೆ ಇರೋದು ಉಳಿದ 30 ಜನರದ್ದು, ಸ್ಟೆರಾಯ್ಡ್ ಬೇಗ ಶುರು ಮಾಡೋದು ಅವರಿಗೋಸ್ಕರ.

ಈಗ ಕಂಡಕ್ಟರ್ ಅಣ್ಣಂಗೆ. ನಾನು ಫಿಸಿಯೋಥೆರಪಿಸ್ಟ್, ಬಳ್ಳಾರಿಯಲ್ಲಿ. ನೇರ ಹೇಳ್ತೀನಿ, ಗಮ್, ಬಲೂನು, ಕರೆಂಟು ಮೂರೂ ಇವತ್ತೇ ನಿಲ್ಸಿ. ನಮ್ಮವರೇ ಎಷ್ಟೋ ಕಡೆ ಇನ್ನೂ ಕರೆಂಟ್ ಇಡ್ತಾರೆ, ನನಗೂ ನಾಚಿಕೆ ಆಗುತ್ತೆ ಆದರೆ ಏನು ಮಾಡೋದು, ಪೇಷಂಟೇ ಏನಾದ್ರೂ ಮಷಿನ್ ಇಡ್ರಿ ಅಂತಾರೆ, ಮಷಿನ್ ಇಡದಿದ್ರೆ ಕಾಸು ಕೊಟ್ಟಿದ್ದು ದಂಡ ಅಂದ್ಕೊಳ್ತಾರೆ. ಕರೆಂಟ್ ಕೊಟ್ಟಾಗ ಅಕ್ಕಪಕ್ಕದ ಸ್ನಾಯು ಎಲ್ಲಾ ಒಟ್ಟಿಗೆ ಎಳೀತಾವೆ. ನಿಮಗೆ ಈಗ ಬೇಕಾಗಿರೋದು ಬಾಯಿ ಬೇರೆ ಕಣ್ಣು ಬೇರೆ ಅಂತ ಕಲಿಸೋದು. ಬಲೂನ್ ಊದೋದೂ ಅಷ್ಟೇ, ಜೋರು ಹಾಕಿದಷ್ಟೂ ಎಲ್ಲಾ ಸೇರಿ ಎಳೀತಾವೆ, ಆ ತಪ್ಪು ಅಭ್ಯಾಸವೇ ಗಟ್ಟಿ ಆಗುತ್ತೆ. ನಿಮ್ಮ ಬಲಗಡೆಗೆ ಶಕ್ತಿ ಕಮ್ಮಿ ಇಲ್ಲ ಈಗ, ಜಾಸ್ತಿ ಆಗೈತೆ, ತಪ್ಪು ಜಾಗದಲ್ಲಿ.

ಮಾಡಬೇಕಾದ್ದು ನೋಡೋಕೆ ಏನೂ ಮಾಡ್ತಿಲ್ಲ ಅನ್ನೋ ಹಂಗೆ ಇರುತ್ತೆ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಕೆನ್ನೆ ಮೇಲೆ. ಆಮೇಲೆ ಕೈ ತೊಳ್ಕೊಂಡು ಹೆಬ್ಬೆರಳು ಬಾಯೊಳಗೆ, ಉಳಿದ ಬೆರಳು ಹೊರಗೆ, ಕೆನ್ನೆ ಹಿಡ್ಕೊಂಡು ನಿಧಾನಕ್ಕೆ ಕೆಳಗೆ ಮುಂದೆ ಜಗ್ಗಬೇಕು, ಒಳಗೆ ಗಂಟು ಗಂಟು ಸಿಗುತ್ತೆ, ಅಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡೀರಿ. ಗದ್ದ, ಕುತ್ತಿಗೆ ಹಗ್ಗಾನೂ ಹಿಂಗೇ ಸಡಿಲ ಮಾಡ್ಬೇಕು. ಮುಖ ಸಡಿಲ ಆದಮೇಲೆ ಕನ್ನಡಿ ಮುಂದೆ ಕೂತು ನಿಮ್ಮ ಪೋತ್ನಾಳನೇ ತಗೊಳ್ಳಿ. ಪೋ ಅನ್ನೋಕೆ ತುಟಿ ಎಷ್ಟು ಬೇಕೋ ಅದರ ಕಾಲು ಭಾಗ ಮಾತ್ರ ಮುಂದೆ ತನ್ನಿ. ಕಣ್ಣು ನೋಡ್ತಾ ಇರಿ. ಕಣ್ಣು ಮುಚ್ಚೋಕೆ ಶುರು ಆಯ್ತು ಅನ್ನಿಸಿದ ಕೂಡಲೇ ತುಟಿ ನಿಲ್ಸಿ, ಅಲ್ಲೇ ಇಟ್ಕೊಂಡು ಕಣ್ಣು ಮೆಲ್ಲಗೆ ಅಗಲ ಬಿಡಿ, ಆಮೇಲೆ ವಾಪಸ್. ಇದನ್ನು ಐದೇ ಸಲ. ಸಾಕಾಯ್ತು ಅಂದ್ರೆ ನಿಲ್ಸಿ. ದಿನಕ್ಕೆ ಎರಡು ಮೂರು ಹೊತ್ತು, ಒಂದು ಹೊತ್ತಿಗೆ ಹತ್ತು ನಿಮಿಷ ಮೀರಬಾರದು. ಕಸರತ್ತು ಅಲ್ಲ ಇದು, ಸಂಗೀತದವರು ಸ್ವರ ಸಾಧನೆ ಮಾಡ್ತಾರಲ್ಲ ಹಂಗೆ. ಫಲ ಕಾಣೋಕೆ ತಿಂಗಳುಗಟ್ಟಲೆ ಬೇಕು, ಅದಕ್ಕೇ ತಿಂಗಳಿಗೊಂದು ಸಲ ಅದೇ ಜಾಗ ಅದೇ ಬೆಳಕಲ್ಲಿ ವಿಡಿಯೋ ತೆಗೆದಿಡಿ, ಇಲ್ಲಾಂದ್ರೆ ಏನೂ ಆಗಿಲ್ಲ ಅಂತಲೇ ಅನ್ಸುತ್ತೆ.

ಇಷ್ಟು ಮಾಡಿಯೂ ಕಣ್ಣು ಪೂರ್ತಿ ಮುಚ್ಚೋದು ನಿಲ್ಲದಿದ್ರೆ ಬೊಟಾಕ್ಸ್ ಇಂಜೆಕ್ಷನ್ ಐತೆ. ಹೆಸರು ಕೇಳಿ ಸಿನಿಮಾದವರದ್ದು ಅಂದ್ಕೋಬೇಡಿ, ಅಮೆರಿಕದಲ್ಲಿ 1989ರಲ್ಲಿ ಇದಕ್ಕೆ ಮೊದಲು ಪರ್ಮಿಷನ್ ಸಿಕ್ಕಿದ್ದೇ ಮೆಳ್ಳಗಣ್ಣಿಗೆ, ರೆಪ್ಪೆ ಸೆಳೆತಕ್ಕೆ. ಕಣ್ಣಿನ ಸುತ್ತ, ಗದ್ದ, ಕುತ್ತಿಗೆಗೆ ಸಣ್ಣ ಸಣ್ಣ ಡೋಸ್ ಕೊಡ್ತಾರೆ, ವಾರದೊಳಗೆ ಸಡಿಲ ಆಗುತ್ತೆ, ಮೂರು ನಾಲ್ಕು ತಿಂಗಳಿಗೆ ಇಳಿದು ಹೋಗುತ್ತೆ, ಮತ್ತೆ ಬೇಕು. ಆ ಸಡಿಲ ಇರೋ ಟೈಮಲ್ಲೇ ಕನ್ನಡಿ ಅಭ್ಯಾಸ ಮಾಡಿದ್ರೆ ಚೆನ್ನಾಗಿ ಹಿಡಿಯುತ್ತೆ. ಮುಖದ ನರದ ಕೆಲಸ ಗೊತ್ತಿರೋ ಕೈಯೇ ಹಾಕಬೇಕು, ಬ್ಯೂಟಿ ಪಾರ್ಲರ್ ಥರದ ಕ್ಲಿನಿಕ್‌ಗೆ ಹೋಗಬೇಡಿ, ಸ್ವಲ್ಪ ಜಾಗ ತಪ್ಪಿದ್ರೆ ತುಟಿ ಜೋತು ಬೀಳುತ್ತೆ.

ಎಡದಂಡೆ ಕಾರಟಗಿ

ಸರ್, ಒಂದು ಡೌಟು. ನಂಗೂ ಆಗ ಯಾರೋ ಹೇಳಿದ್ರು ಅಂತ ಆರು ತಿಂಗಳು ಗಮ್ ಅಗದೀನಿ. ಅದಕ್ಕೇ ಹಿಂಗಾತೇನು?

ಬಿಸಿಲು ಬಳ್ಳಾರಿ

ಅದರಿಂದಲೇ ಆಯ್ತು ಅನ್ನೋಕಾಗಲ್ಲ, ಎಳೆ ದಾರಿ ತಪ್ಪೋದು ಒಳಗಿನ ಕೆಲಸ. ಆದರೆ ಅಗಿಯೋ ಸ್ನಾಯುಗೂ ಈ ನರಕ್ಕೂ ಸಂಬಂಧವೇ ಇಲ್ಲ ನೋಡಿ. ಮುಖದ್ದು ಏಳನೇ ನರ, ಅಗಿಯೋದು ಐದನೇ ನರ. ಆರು ತಿಂಗಳು ನೀವು ಬೇರೆಯವರ ಹೊಲಕ್ಕೆ ನೀರು ಹಾಯಿಸಿದ್ರಿ.

ಕೋಟೆ ಕಡಿ ಅಕ್ಕ

ರಾಯಚೂರಿಂದ ನಾನು. ಕಂಡಕ್ಟರ್ ತಮ್ಮಾ, ನಿಂದು ಹಾರೋದು ಸುಮ್ನ ಕೂತಾಗನೂ ಹಾರ್ತದೋ ಇಲ್ಲಾ ಮಾತಾಡಿದಾಗ ಅಷ್ಟೆನೋ, ಅದು ನೋಡ್ಕೋ ಮೊದಲು. ಯಾಕಂದ್ರ ನಂದು ಬ್ಯಾರೆನೇ ಅದ ಮತ್ತ ಎರಡು ವರ್ಷ ಎಲ್ಲಾರೂ ಒಂದೇ ಅಂದ್ಕೊಂಡು ನಂಗ ಹಾಳು ಮಾಡಿದ್ರು.

ನಂಗ ಮುಖ ಸೊಟ್ಟ ಆಗೇ ಇಲ್ಲ ಎಂದೂ. ಮೊದಲು ಎಡಗಣ್ಣಿನ ಕೆಳಗಿನ ರೆಪ್ಪಿ ಹಾರ್ತಿತ್ತು. ಹೆಂಗಸರಿಗೆ ಎಡಗಣ್ಣು ಹಾರಿದ್ರ ಚೊಲೋ ಅಂತ ನಮ್ಮತ್ತಿ ಖುಷಿ ಆದ್ರು, ಮನಿಗೆ ಬಂಗಾರ ಬರ್ತದ ಅಂತ. ಬಂಗಾರ ಬರಲಿಲ್ಲ, ಆರು ತಿಂಗಳಿಗೆ ಕೆನ್ನಿಗೆ ಇಳೀತು, ಆಮ್ಯಾಲ ಬಾಯಿ ತನಕ. ನಿದ್ದಿಯಾಗೂ ಬಿಡವಲ್ದು. ಒಂದೇ ಕಡಿ, ಲೈಟ್ ಆನ್ ಆಫ್ ಮಾಡಿದಂಗ ಎಳದು ಎಳದು ಬಿಡ್ತದ. ಕಡೀಕ ಎಂಆರ್‌ಐ ಮಾಡಿಸಿದ್ರ ಮೆದುಳಿನ ಬುಡದಾಗ ನರ ಹೊರಗ ಬರೋ ಜಾಗದಾಗ ಒಂದು ರಕ್ತನಾಳ ಅದಕ್ಕ ಒತ್ತಿ ಕುಂತದ, ನಾಡಿ ಬಡದಾಗೊಮ್ಮೆ ನರಕ್ಕ ಬಡೀತದ. ಹೆಮಿಫೇಶಿಯಲ್ ಸ್ಪಾಸಂ ಅಂತ ಹೆಸರು ಹೇಳಿದ್ರು. ಬೆಂಗಳೂರಿಗೆ ಹೋಗಿ ಬೊಟಾಕ್ಸ್ ಹಾಕಿಸ್ಕೊಂಡು ಬರ್ತೀನಿ, ರಾತ್ರಿ ರೈಲು ಹತ್ತಿದ್ರ ಮುಂಜಾನೆ ಇಳಿತೀನಿ, ಮಧ್ಯಾಹ್ನ ಸೂಜಿ, ತಿರುಗಿ ರಾತ್ರಿ ರೈಲು. ನಾಕು ತಿಂಗಳಿಗೊಮ್ಮೆ ತವರಿಗೆ ಹೋದಂಗ ಆಗ್ಯಾದ. ತಲಿ ಆಪರೇಷನ್ ಮಾಡಿ ನಾಳಕ್ಕೂ ನರಕ್ಕೂ ನಡುವ ಸಣ್ಣ ಮೆತ್ತಿ ಇಟ್ಟು ಬಿಡಿಸ್ತಾರಂತ, ಅದು ಪಕ್ಕಾ ವಾಸಿ ಆಗೋ ದಾರಿ ಅಂತ ಡಾಕ್ಟರೇ ಅಂದ್ರು, ನಂಗ ಧೈರ್ಯ ಬರವಲ್ದು ಇನ್ನೂ.

ನಿಂದು ಮಾತಾಡಿದ್ರ ನಕ್ಕರ ಮಾತ್ರ ಎಳೀತದ ಅಂದ್ರ ಮ್ಯಾಲಿನವ್ರು ಹೇಳಿದ್ದೇ ಖರೆ. ಬರೇ ಕಣ್ಣ ಕೆಳಗ ಇಷ್ಟಿಷ್ಟು ಪಟಪಟ ಅಂದ್ರ ಅದು ಚಹಾ ಜಾಸ್ತಿ, ನಿದ್ದಿ ಕಮ್ಮಿ ಆದ್ರ ಊರಿನ ಎಲ್ಲಾರಿಗೂ ಹಾರ್ತದ. ನೀ ದಿನಕ್ಕ ಎಷ್ಟು ಚಹಾ ಕುಡಿತಿ?

ಸೀಟಿ ಸಿಂಧನೂರು

ಅಕ್ಕಾ ಹನ್ನೊಂದು ಹನ್ನೆರಡು. ಸ್ಟ್ಯಾಂಡಿಗೊಂದು. ಬಿಡಾಕ ಹೋದ್ರ ಡ್ರೈವರ್ ಸಿಟ್ಟಾಗ್ತಾನ, ಇಬ್ರೂ ಕೂಡಿ ಕುಡಿಯೋದು ರೂಢಿ.

ಸುಮ್ನ ಕುಂತಾಗ ಮುಖ ಎಳಿಯಂಗಿಲ್ಲ, ಕಣ್ಣ ಕೆಳಗ ಅಷ್ಟೇ ಹಾರತೈತಿ, ಅದೂ ನೈಟ್ ಔಟ್ ಮಾಡಿ ಬಂದ ಮರುದಿನ ಜಾಸ್ತಿ. ಫಿಸಿಯೋ ಸರ್, ನಿನ್ನೆ ಕನ್ನಡಿ ಮುಂದ ಕುಂತೆ. ನಮ್ಮಾಕಿ ಏನು ಪೋ ಪೋ ಅನ್ನಾಕತ್ತೀರಿ ನನ್ನ ಹೋಗು ಅಂತೀರೇನು ಅಂತ ಒಳಗಿಂದ ಒದರಿದ್ಲು. ಆದ್ರ ಒಂದು ಮಾತು ಖರೆ, ತುಟಿ ಕಾಲು ಭಾಗಕ್ಕ ನಿಲ್ಲಿಸಿದ್ರ ಕಣ್ಣು ಅಲ್ಲಾಡಲಿಲ್ಲ. ಒಂದು ಸಲ ಅಷ್ಟ. ಎರಡನೇ ಸಲ ಮತ್ತ ಮುಚ್ಚಿತು.

ಬೊಟಾಕ್ಸ್ ಸದ್ಯಕ್ಕ ಆಗಂಗಿಲ್ಲ ರೊಕ್ಕದ ಸಲುವಾಗಿ. ಆದ್ರ ಮಂದಿಗೆ ಏನಂತ ಹೇಳ್ಲಿ? ದಿನಾ ಫೋಟೋ ತೋರಿಸಾಕ ಆಗತೈತೇನು?

ತೋರಣಗಲ್ ಶಿಫ್ಟ್

ನಾನು ಓದ್ತಾ ಕೂತಿದ್ದೆ, ನಂಗೇನೂ ಆಗಿಲ್ಲ, ನಮ್ಮಪ್ಪಂಗೆ ಆಗಿತ್ತು ಅದಕ್ಕೆ. ಅಣ್ಣ, ಬಿಳಿ ಗಾಜಿನ ಕನ್ನಡಕ ಹಾಕಿ. ಧೂಳಿಗೂ ಆಯ್ತು, ಕಣ್ಣು ಸಣ್ಣ ಆಗೋದು ಅಷ್ಟು ಎದ್ದು ಕಾಣಲ್ಲ. ನಮ್ಮಪ್ಪ ಅಂಗಡಿಯಲ್ಲಿ ಕೂತು ಮೊದಲ ಮಾತೇ ನಂಗೆ ಲಕ್ವಾ ಆಗಿತ್ತಮ್ಮ ಕಣ್ಣು ತಾನಾಗೇ ಮುಚ್ಚುತ್ತೆ ಅಂತ ಶುರು ಮಾಡೋರು, ಒಂದು ತಿಂಗಳಿಗೆ ಗಿರಾಕಿಗಳೇ ಹೊಸಬರಿಗೆ ಹೇಳೋಕೆ ಶುರು ಮಾಡಿದ್ರು. ನಿಮ್ಮದು ಒಂದೇ ರೂಟು ಅಲ್ವಾ, ದಿನಾ ಹೋಗೋ ಟೀಚರು ಅಂಗನವಾಡಿಯವರು ನರ್ಸಮ್ಮಂದಿರು ನಾಕು ಜನಕ್ಕೆ ಹೇಳಿಡಿ, ಉಳಿದಿದ್ದು ಅವರೇ ನೋಡ್ಕೋತಾರೆ.

ಇನ್ನೊಂದು, ಇದನ್ನ ಓದೋ ಬೇರೆಯವರಿಗೆ. ನಮ್ಮಪ್ಪಂಗೆ ಎರಡು ವರ್ಷದ ಮೇಲೆ ಮತ್ತೆ ಬಾಯಿ ಸೊಟ್ಟ ಆಯ್ತು, ನಾವು ಅದೇ ಹಳೇದು ಅಂತ ಒಂದು ರಾತ್ರಿ ಸುಮ್ನಿದ್ವಿ. ಆದರೆ ಆ ಸಲ ಹುಬ್ಬು ಎರಡೂ ಏಳ್ತಿದ್ವು, ಎಡಗೈಯಲ್ಲಿ ಲೋಟ ನಿಲ್ತಿರಲಿಲ್ಲ. ಅದು ಸ್ಟ್ರೋಕ್. ಕೈ ಸೋತರೆ, ಮಾತು ತೊದಲಿದ್ರೆ ಹುಬ್ಬು ನೋಡ್ಕೊಂಡು ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಸೀಟಿ ಸಿಂಧನೂರು

ಎರಡು ತಿಂಗಳಾತು, ಅಪ್‌ಡೇಟ್ ಹಾಕ್ತೀನಿ ಅಂದಿದ್ದೆ. ಚಹಾ ನಾಕಕ್ಕ ಇಳಿಸೀನಿ. ಕಣ್ಣ ಕೆಳಗ ಪಟಪಟ ಹಾರೋದು ಹೆಚ್ಚೂ ಕಮ್ಮಿ ನಿಂತೈತಿ. ಶುಗರ್ ಗುಳಿಗಿ ತಪ್ಪಿಸಿಲ್ಲ. ಮಾನ್ವಿ ಅಂದ್ರ ಈಗ ಕಣ್ಣು ಅರ್ಧಕ್ಕ ನಿಲ್ಲತೈತಿ, ಪೋತ್ನಾಳ ಇನ್ನೂ ಹಠ ಮಾಡ್ತೈತಿ, ನಕ್ಕಾಗಂತೂ ಹಂಗೇ ಐತಿ. ವಿಡಿಯೋ ಎರಡು ಇಟ್ಟು ನೋಡಿದ್ರ ಫರಕ್ ಕಾಣತೈತಿ, ಕುತ್ತಿಗಿ ಹಗ್ಗ ಸಡಲ ಆಗೈತಿ.

ಕನ್ನಡಕ ಹಾಕೀನಿ. ಮಾನ್ವಿಯಿಂದ ದಿನಾ ಹತ್ತೋ ಒಬ್ರು ಟೀಚರಿಗೆ ಹೇಳಿದ್ದೆ. ಮೊನ್ನಿ ಒಬ್ಬ ಮುದುಕಿ ಏನಲೇ ನನಗ ಕಣ್ಣು ಹೊಡೀತಿ ಅಂತ ಶುರು ಮಾಡಿದ್ಲು, ಟೀಚರು ಎದ್ದು ಹೇಳಾಕ ಹೋಗೋದ್ರಾಗ ಆ ಮುದುಕಿನೇ ನಕ್ಕು, ಬಿಡವಾ ಈ ವಯಸ್ಸಿನ್ಯಾಗ ಯಾರರ ಹೊಡದ್ರಲ್ಲ ಅಂದ್ಲು. ಬಸ್ಸೇ ನಕ್ಕಿತು. ನಂಗೂ ತಡಿಲಿಲ್ಲ, ನಕ್ಕೆ, ಕಣ್ಣು ಮತ್ತ ಮುಚ್ಚಿತು.